ಗಂಟು ಬಿಚ್ಚಿ ತೋರಿಸು

ಬೆಳಗಾವಿ–ರಾಯಚೂರು ಹೆದ್ದಾರಿ ನಮ್ಮ ತುಳಸಿಗೇರಿಯ ಮಗ್ಗುಲಲ್ಲೇ ಹಾದುಹೋಗುತ್ತದೆ. ಲೋಕಾಪುರ, ಕಲಾದಗಿ ದಾಟಿ ಬಂದ ಬಸ್ಸು ಹನಮಪ್ಪನಿಗೆ ನಡೆದುಕೊಳ್ಳುವವರನ್ನು ಇಲ್ಲಿ ಇಳಿಸಿ, ಗದ್ದನಕೇರಿ ಕ್ರಾಸು, ಬಾಗಲಕೋಟೆ, ಅಮೀನಗಡ, ಹುನಗುಂದ ಹಿಡಿದು ಲಿಂಗಸುಗೂರಿನ ಕಡೆ ಹೊರಳುತ್ತದೆ. ದಾರಿಯುದ್ದಕ್ಕೂ ಯಾರೂ ಅಡ್ಡ ಕೈ ಹಾಕುವುದಿಲ್ಲ. ಕಂಡಕ್ಟರು ಕೇಳುವುದು ಒಂದೇ ಮಾತು, ಎಲ್ಲಿಗೆ ಅಂತ.

1948ರ ವರೆಗೆ ಇದೇ ದಾರಿ ಹುನಗುಂದ ತಾಲ್ಲೂಕು ಮುಗಿದ ಕೂಡಲೇ ಬೇರೊಂದು ಸರಕಾರದ ನೆಲಕ್ಕೆ ಕಾಲಿಡುತ್ತಿತ್ತು. ಬಾಗಲಕೋಟೆ, ಬಾದಾಮಿ, ಹುನಗುಂದ ಆಗ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿದ್ದವು. ಆಚೆಗಿನ ಕುಷ್ಟಗಿ, ಲಿಂಗಸುಗೂರು ಹೈದರಾಬಾದ್ ನಿಜಾಮರ ರಾಯಚೂರು ಜಿಲ್ಲೆಯವು. ನಮ್ಮ ಹಿರಿಯರು ಆ ಕಡೆಯನ್ನು ‘ಮೊಗಲಾಯಿ’ ಎಂದೇ ಕರೆಯುತ್ತಿದ್ದರು. ಇಳಕಲ್ಲಿನ ಪೇಟೆಯಲ್ಲಿ ನಿಂತು ತೆಂಕಣಕ್ಕೆ ಮುಖ ಮಾಡಿದರೆ ಮೊಗಲಾಯಿ ಕೂಗಳತೆಯಲ್ಲಿತ್ತು. ಅಲ್ಲಿನ ರೊಕ್ಕ ಬೇರೆ, ಅಂಚೆ ಚೀಟಿ ಬೇರೆ, ಸುಂಕ ಬೇರೆ. ಮಾತು ಮಾತ್ರ ಒಂದೇ ಕನ್ನಡ, ಬೀಗತನವೂ ಒಂದೇ.

ನಮ್ಮ ಆಯಿಯ ತವರು ಹನಮಸಾಗರ. ಕುಷ್ಟಗಿ ತಾಲ್ಲೂಕಿನ ಆ ಊರಿನಿಂದ ಆಕೆ ತುಳಸಿಗೇರಿಗೆ ಸೊಸೆಯಾಗಿ ಬಂದವಳು. ಪಂಚಮಿಗೆ ತವರಿಗೆ ಹೋಗುವುದೆಂದರೆ ಆಕೆಗೆ ಪರದೇಶಕ್ಕೆ ಹೋದಂತೆ. ತಂಗಿಯಂದಿರಿಗೆಂದು ಗುಳೇದಗುಡ್ಡದ ಖಣ, ಅವ್ವನಿಗೆ ಒಂದು ಇಳಕಲ್ ಸೀರೆ, ಒಂದಿಷ್ಟು ಬಳೆ, ಎಲ್ಲ ಸೇರಿಸಿ ಕಟ್ಟಿದ ಒಂದು ಗಂಟು. ಗಡಿಯಲ್ಲಿ ಕರೋಡಗಿರಿ ನಾಕಾ. ಕರೋಡಗಿರಿ ಎಂದರೆ ನಿಜಾಮರ ಸುಂಕದ ಇಲಾಖೆ. ‘ಗಂಟು ಬಿಚ್ಚಿ ತೋರ್ಸು ಅಂತಿದ್ರಪಾ ತಮ್ಮಾ. ಉಟ್ಟ ಸೀರಿಗೆ ಸುಂಕಿಲ್ಲ, ಗಂಟಿನಾಗಿನ ಸೀರಿಗೆ ಸುಂಕ. ಅದಕ್ಕ ನಾವು ಹೊಸಾದ ಉಟಗೊಂಡು, ಹಳೇದ ಗಂಟಿನಾಗ ಇಟಗೊಂಡು ಹೋಗ್ತಿದ್ವಿ’ ಎನ್ನುತ್ತಿದ್ದಳು. ಹೊಸ ಸೀರೆಯನ್ನು ಅವ್ವನ ಕೈಗೆ ಮಡಿಕೆ ಬಿಚ್ಚದೆ ಕೊಡಬೇಕೆಂಬ ಆಸೆ ಮಾತ್ರ ಯಾವ ವರ್ಷವೂ ಕೈಗೂಡಲಿಲ್ಲವೆಂದು ಆಕೆಗೆ ಕೊನೆಯವರೆಗೂ ಕೊರಗು. ರೊಕ್ಕದ ತಾಪತ್ರಯ ಇನ್ನೊಂದು ಬಗೆ. ಬ್ರಿಟಿಷ್ ರೂಪಾಯಿಗೆ ಕಲ್ದಾರ ಎಂದು ಹೆಸರು, ನಿಜಾಮರದ್ದು ಹಾಲಿ ಸಿಕ್ಕಾ. ಏಳು ಹಾಲಿ ಕೊಟ್ಟರೆ ಹೆಚ್ಚೂಕಡಿಮೆ ಆರು ಕಲ್ದಾರ. ಬರೆಯಲು ಬಾರದ ಆಯಿ ಈ ಲೆಕ್ಕವನ್ನು ಬೆರಳ ಗೆಣ್ಣಿನ ಮೇಲೆ ಎಣಿಸಿ ಹೇಳುತ್ತಿದ್ದಳು.

ಆಯಿ ತೀರಿಹೋಗಿ ಎಷ್ಟೋ ವರ್ಷಗಳ ಮೇಲೆ, 2021ರ ಜನವರಿಯಲ್ಲಿ, ಒಂದು ಸುದ್ದಿ ತುಣುಕು ನೋಡಿದೆ. ನೆದರ್‌ಲೆಂಡ್ಸಿನ ಹೂಕ್ ಆಫ್ ಹಾಲೆಂಡ್ ಬಂದರು. ಬ್ರಿಟನ್ನಿನಿಂದ ಹಡಗಿನಲ್ಲಿ ಬಂದಿಳಿದ ಲಾರಿ ಡ್ರೈವರ್ ಒಬ್ಬನ ಬುತ್ತಿಯನ್ನು ಸುಂಕದವರು ಬಿಚ್ಚಿಸುತ್ತಿದ್ದಾರೆ. ಒಳಗೆ ಹಂದಿ ಮಾಂಸ ಇಟ್ಟ ಬ್ರೆಡ್ಡು. ಯುರೋಪಿನ ಹೊರಗಿನಿಂದ ಮಾಂಸ ತರುವಂತಿಲ್ಲ ಎಂದು ಅದನ್ನು ತೆಗೆದಿಟ್ಟುಕೊಂಡರು. ಬ್ರೆಡ್ಡನ್ನಾದರೂ ಬಿಡಿ ಎಂದು ಆತ ಕೇಳಿಕೊಂಡ, ಅದನ್ನೂ ಬಿಡಲಿಲ್ಲ. ಹಿಂದಿನ ತಿಂಗಳು ಅದೇ ಬುತ್ತಿ ಕಟ್ಟಿಕೊಂಡು ಅದೇ ಬಂದರಿನಲ್ಲಿ ಇಳಿದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆ ಡ್ರೈವರನ ಮುಖ ನೋಡಿದಾಗ ನನಗೆ ಹನಮಸಾಗರದ ದಾರಿಯಲ್ಲಿ ಗಂಟು ಬಿಚ್ಚುತ್ತ ಕೂತ ಆಯಿ ಕಂಡಳು. ಅಂದಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ. ಒಂದು ಕೂಟದಿಂದ ಹೊರಬಂದ ದೇಶ ಅದೇ ಕೂಟದ ಬಾಗಿಲಲ್ಲಿ ಮತ್ತೆ ವ್ಯಾಪಾರಕ್ಕೆ ಮಾತಾಡಲು ಕೂತರೆ, ಅದರ ಭಾರ ಕೊನೆಗೆ ಯಾರ ತಲೆಯ ಮೇಲೆ ಬೀಳುತ್ತದೆ?

ಬ್ರಿಟನ್ ಯುರೋಪಿನ ಕೂಟಕ್ಕೆ ಸೇರಿದ್ದು 1973ರ ಜನವರಿ 1ರಂದು. ಬಿಡಬೇಕೆಂದು ಜನ ಮತ ಹಾಕಿದ್ದು 2016ರ ಜೂನ್ 23ರಂದು, ನೂರಕ್ಕೆ 51.9 ಮಂದಿ ಬಿಡೋಣ ಎಂದರು. ಆ ಮತಕ್ಕೆ ಕಾರಣಗಳಿದ್ದವು. ಕಾರ್ಖಾನೆ ಮುಚ್ಚಿದ ಊರುಗಳ ಜನ, ತಮ್ಮ ಮಾತು ಬ್ರಸೆಲ್ಸಿನಲ್ಲಿ ಹಾಗಿರಲಿ, ಲಂಡನ್ನಿನಲ್ಲೂ ಯಾರೂ ಕೇಳುವುದಿಲ್ಲವೆಂದು ನೊಂದವರು, ತಮ್ಮ ಕಾನೂನು ತಾವೇ ಬರೆಯಬೇಕೆನ್ನುವವರು ಅದರಲ್ಲಿದ್ದರು. ಅವರನ್ನು ದಡ್ಡರೆಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಆದರೆ ಬಿಡುತ್ತೇವೆ ಎನ್ನುವುದಕ್ಕೆ ಒಂದು ಚೀಟಿ ಸಾಕಾಯಿತು. ಬಿಟ್ಟ ಮೇಲೆ ಹೇಗೆ ಬದುಕುವುದು ಎಂಬುದಕ್ಕೆ ಆ ಚೀಟಿಯಲ್ಲಿ ಜಾಗವೇ ಇರಲಿಲ್ಲ.

ಯುರೋಪಿನ ಪರವಾಗಿ ಮಾತುಕತೆಗೆ ಕೂತವರು ಫ್ರಾನ್ಸಿನ ಮಿಷೆಲ್ ಬಾರ್ನಿಯೇ. 2017ರ ಡಿಸೆಂಬರಿನಲ್ಲಿ ಅವರು ಒಂದು ಮೆಟ್ಟಿಲ ಚಿತ್ರ ಮುಂದಿಟ್ಟರು. ತುದಿಯ ಮೆಟ್ಟಿಲಲ್ಲಿ ಪೂರ್ತಿ ಸದಸ್ಯತ್ವ. ಕೆಳಗೆ ಒಂದೊಂದೇ ಮೆಟ್ಟಿಲು: ನಾರ್ವೆಗೆ ಇರುವ ಸಂಬಂಧ, ಸ್ವಿಟ್ಜರ್‌ಲೆಂಡಿನದು, ಉಕ್ರೇನಿನದು, ಟರ್ಕಿಯದು, ಕೆನಡಾದ್ದು. ಪ್ರತಿ ಮೆಟ್ಟಿಲಿಗೂ ಅದರದೇ ಕರಾರು. ಯುರೋಪಿನ ನ್ಯಾಯಾಲಯ ಬೇಡವೆಂದರೆ ಈ ಮೆಟ್ಟಿಲಿಲ್ಲ, ಜನರ ಮುಕ್ತ ಸಂಚಾರ ಬೇಡವೆಂದರೆ ಆ ಮೆಟ್ಟಿಲಿಲ್ಲ, ಬೇರೆ ದೇಶಗಳೊಡನೆ ಸ್ವಂತ ವ್ಯಾಪಾರ ಒಪ್ಪಂದ ಬೇಕೆಂದರೆ ಇನ್ನೊಂದೂ ಇಲ್ಲ. ಬ್ರಿಟನ್ ತನಗೆ ಬೇಡವಾದದ್ದನ್ನು ಹೇಳುತ್ತ ಹೋದಂತೆ ತಾನಾಗಿ ಕೆಳಕೆಳಗೆ ಇಳಿಯುತ್ತ ಹೋಯಿತು. ನಾನು ಎಷ್ಟೋ ಮಾತುಕತೆಗಳ ಬಗ್ಗೆ ಓದಿದ್ದೇನೆ. ಒಂದೇ ಹಾಳೆಯಲ್ಲಿ ಇಷ್ಟು ನೇರವಾಗಿ ವಿಷಯ ಹೇಳಿದ ಚಿತ್ರ ಇನ್ನೊಂದು ಕಂಡಿಲ್ಲ.

ಹಾಗೆಂದು ಎದುರಾಳಿಯಿಂದಲೇ ಎಲ್ಲ ತೊಡಕಾಯಿತು ಎಂದೂ ಅಲ್ಲ. ಪ್ರಧಾನಿ ತೆರೇಸಾ ಮೇ ಬ್ರಸೆಲ್ಸಿನಲ್ಲಿ ಕುದುರಿಸಿ ತಂದ ಒಪ್ಪಂದವನ್ನು 2019ರ ಜನವರಿ 15ರಂದು ಅವರದೇ ಸಂಸತ್ತು 432–202ರಿಂದ ತಿರಸ್ಕರಿಸಿತು. ಮಾರ್ಚಿನಲ್ಲಿ ಮತ್ತೆರಡು ಸಲ ಅದೇ ಗತಿ. ಬೋರಿಸ್ ಜಾನ್ಸನ್ ಬಂದರು; 2020ರ ಜನವರಿ 31ರ ರಾತ್ರಿ ಬ್ರಿಟನ್ ಹೊರನಡೆಯಿತು. ಆದರೂ ಆ ವರ್ಷದ ಕೊನೆಯವರೆಗೆ ಎಲ್ಲ ಹಿಂದಿನಂತೆಯೇ ನಡೆಯಲಿ ಎಂದು ಒಂದು ಅವಧಿ ಇಟ್ಟುಕೊಂಡಿದ್ದರು. ಆ ಹನ್ನೊಂದು ತಿಂಗಳಲ್ಲಿ ಕೊರೊನಾ ನಡುವೆಯೇ ವ್ಯಾಪಾರದ ಮಾತುಕತೆ ನಡೆದು, ಮುಗಿದದ್ದು ಡಿಸೆಂಬರ್ 24ರಂದು, ಇನ್ನೊಂದೇ ವಾರ ಉಳಿದಿದ್ದಾಗ. ಸಾವಿರದ ಇನ್ನೂರು ಪುಟಕ್ಕೂ ಮಿಗಿಲಾದ ಕಾಗದ. ಸುಂಕ ಸೊನ್ನೆ, ಮಾಲಿನ ಪ್ರಮಾಣಕ್ಕೆ ಮಿತಿಯಿಲ್ಲ ಎಂದು ಎರಡೂ ಕಡೆಯವರು ಹೆಮ್ಮೆಯಿಂದ ಹೇಳಿಕೊಂಡರು.

ಸುಂಕ ಸೊನ್ನೆಯಾದರೆ ಡ್ರೈವರನ ಬುತ್ತಿ ಯಾಕೆ ಹೋಯಿತು? ಅಲ್ಲೇ ಇದೆ ನೋಡಿ ಇಡೀ ಕತೆ. ಸುಂಕ ಹೋದರೂ ನಾಕಾ ಹೋಗಲಿಲ್ಲ. ಕೂಟದ ಒಳಗಿದ್ದಾಗ ಬ್ರಿಟನ್ನಿನ ಮೀನು ಯುರೋಪಿನ ಮೀನೇ. ಹೊರಗೆ ಬಂದ ಮೇಲೆ ಅದು ಮೂರನೇ ದೇಶದ ಮಾಲು. ಪ್ರಾಣಿಜನ್ಯ ಪದಾರ್ಥವಾದರೆ ಪಶುವೈದ್ಯರ ಸಹಿ ಇರುವ ಪ್ರಮಾಣಪತ್ರ ಬೇಕು, ಮುಂಗಡ ತಿಳಿವಳಿಕೆ ಬೇಕು, ತಪಾಸಣೆ ಬೇಕು. ಕಪ್ಪೆಚಿಪ್ಪು ಹಿಡಿಯುವವರ ಪಾಡು ಇನ್ನೂ ಕಷ್ಟ. ತೀರಾ ನಿರ್ಮಲವಲ್ಲದ, ‘ಬಿ’ ದರ್ಜೆಯ ನೀರಿನಲ್ಲಿ ಬೆಳೆದ ಚಿಪ್ಪುಗಳನ್ನು ಮೊದಲು ಜೀವಂತ ಕಳಿಸಿ ಆ ಕಡೆ ಶುದ್ಧಮಾಡಿ ಮಾರುತ್ತಿದ್ದರು. ಮೂರನೇ ದೇಶದಿಂದ ಹಾಗೆ ತರಿಸಿಕೊಳ್ಳಲು ಯುರೋಪಿನ ನಿಯಮದಲ್ಲಿ ಅವಕಾಶವಿಲ್ಲ. ಆ ನಿಯಮಗಳನ್ನು ಬರೆಯುವ ಮೇಜಿನಲ್ಲಿ ಬ್ರಿಟನ್ನೂ ಕೂತಿತ್ತು. ಮೀನಿನ ಹಕ್ಕಿಗಾಗಿ ಹಟ ಹಿಡಿದ ಮಾತುಕತೆ, ಕೊನೆಗೆ ಯುರೋಪಿನ ಪಾಲಿನಿಂದ ನಾಲ್ಕನೇ ಒಂದು ಭಾಗವನ್ನು ಐದೂವರೆ ವರ್ಷದಲ್ಲಿ ಬಿಟ್ಟುಕೊಡಿಸುವ ಮಟ್ಟಿಗೆ ಗೆದ್ದಿತು. ಹಿಡಿದ ಮೀನನ್ನು ಮಾರುವ ಪೇಟೆಯ ದಾರಿಯಲ್ಲಿ ಮಾತ್ರ ಹೊಸ ಬೇಲಿ ಬಿತ್ತು. ಬ್ರಿಟನ್ನಿನ ಮೀನುಗಾರರು ಹಿಡಿದದ್ದರಲ್ಲಿ ದೊಡ್ಡ ಪಾಲು ಮಾರಾಟವಾಗುವುದೇ ಆ ಪೇಟೆಯಲ್ಲಿ.

ಮೂಲದ ನಿಯಮ ಎಂಬ ಇನ್ನೊಂದು ಗಂಟಿದೆ. ಸುಂಕ ಸೊನ್ನೆಯಾಗುವುದು ಬ್ರಿಟನ್ನಿನಲ್ಲಿ ಅಥವಾ ಯುರೋಪಿನಲ್ಲಿ ‘ಹುಟ್ಟಿದ’ ಮಾಲಿಗೆ ಮಾತ್ರ. ಇದನ್ನು ನಮ್ಮ ಅಮೀನಗಡದ ಕರದಂಟಿನ ಲೆಕ್ಕದಲ್ಲಿ ನೋಡಿದರೆ ತಿಳಿಯುತ್ತದೆ. ಬೆಲ್ಲ ನಮ್ಮದು, ಹುರಿದು ಕಲಸುವ ಕೈ ನಮ್ಮದು; ಅಂಟು, ಬದಾಮಿ, ಗೋಡಂಬಿ, ಉತ್ತತ್ತಿ ಎಲ್ಲೆಲ್ಲಿಂದಲೋ ಬಂದವು. ಹಾಗಾದರೆ ಕರದಂಟು ಎಲ್ಲಿಯದು? ತಿನ್ನುವವನಿಗೆ ಅದು ಅಮೀನಗಡದ್ದೇ, ಸಂಶಯವಿಲ್ಲ. ಆದರೆ ಒಪ್ಪಂದದ ಕಾಗದದಲ್ಲಿ ಪ್ರತಿ ಪದಾರ್ಥಕ್ಕೂ ಇಷ್ಟು ಭಾಗ ಒಳಗಿನದಿರಬೇಕು, ಇಷ್ಟರ ಮಟ್ಟಿಗೆ ಇಲ್ಲಿ ರೂಪ ಬದಲಾಗಿರಬೇಕು ಎಂದು ಬರೆದಿರುತ್ತದೆ. ಮಾರ್ಕ್ಸ್ ಅಂಡ್ ಸ್ಪೆನ್ಸರ್ ಅಂಗಡಿಗಳಲ್ಲಿ ಮಕ್ಕಳು ಇಷ್ಟಪಡುವ ಹಂದಿಮರಿ ಆಕಾರದ ಮಿಠಾಯಿಯೊಂದಿದೆ. ತಯಾರಾಗುತ್ತಿದ್ದದ್ದು ಜರ್ಮನಿಯಲ್ಲಿ. ಬ್ರಿಟನ್ನಿಗೆ ಬಂದು, ಅಲ್ಲಿಂದ ಐರ್ಲೆಂಡಿನ ಅಂಗಡಿಗೆ ಹೋಗುವಾಗ, ಯುರೋಪಿನಲ್ಲೇ ಹುಟ್ಟಿದ ಮಿಠಾಯಿ ಯುರೋಪಿಗೆ ಮರಳಲು ಸುಂಕದ ಪಟ್ಟಿಗೆ ಬಿತ್ತು. ಬ್ರಿಟನ್ನಿನಲ್ಲಿ ಅದಕ್ಕೆ ಏನೂ ಮಾಡಿರಲಿಲ್ಲವಲ್ಲ, ಅದಕ್ಕೇ.

ದೊಡ್ಡ ಕಂಪನಿ ಹೇಗೋ ದಾರಿ ಕಂಡುಕೊಳ್ಳುತ್ತದೆ. ಕಾಗದ ಬರೆಯಲು ಗುಮಾಸ್ತರಿದ್ದಾರೆ, ವಕೀಲರಿದ್ದಾರೆ, ಬೇಕಾದರೆ ಆಚೆಗೊಂದು ಗೋದಾಮು ತೆರೆಯಬಹುದು. ವಾರಕ್ಕೊಂದು ಪೆಟ್ಟಿಗೆ ಗಿಣ್ಣು ಕಳಿಸುತ್ತಿದ್ದವನು, ತಿಂಗಳಿಗೆ ನಾಲ್ಕು ಪಾರ್ಸಲು ಹೆಣಿಗೆ ಕಳಿಸುತ್ತಿದ್ದವಳು ಏನು ಮಾಡಬೇಕು? ಒಂದು ಲಾರಿ ಮಾಲಿಗೂ ಒಂದು ಕಾಗದ, ಒಂದು ಪೆಟ್ಟಿಗೆಗೂ ಒಂದು ಕಾಗದ ಎಂದಾದರೆ ಪೆಟ್ಟಿಗೆಯವನಿಗೆ ಕಟ್ಟುವುದಿಲ್ಲ. ಅಂಥ ಸಣ್ಣ ವ್ಯಾಪಾರಿಗಳಲ್ಲಿ ಎಷ್ಟೋ ಮಂದಿ ಯುರೋಪಿಗೆ ಕಳಿಸುವುದನ್ನೇ ಬಿಟ್ಟುಬಿಟ್ಟರು. ಯುರೋಪಿನ ಕೂಟದ ಒಳಗೇ ಉಳಿದಿದ್ದರೆ ಇರಬಹುದಾಗಿದ್ದಕ್ಕಿಂತ ದೇಶದ ಉತ್ಪಾದಕತೆ ಕಾಲಾಂತರದಲ್ಲಿ ನೂರಕ್ಕೆ 4ರಷ್ಟು ಕಡಿಮೆಯಾಗುತ್ತದೆ ಎಂಬುದು ಬ್ರಿಟನ್ನಿನ ಬಜೆಟ್ ಅಂದಾಜು ಕಚೇರಿಯ ಲೆಕ್ಕ. ಆ ನಾಲ್ಕರ ಒಳಗೆ ಇಂಥ ಪೆಟ್ಟಿಗೆಗಳು ಎಷ್ಟಿವೆಯೋ ಎಂದು ನನಗೆ ಅನ್ನಿಸುತ್ತಲೇ ಇರುತ್ತದೆ.

ಈಗ ನಮ್ಮ ಗಡಿಗೆ ಬರುತ್ತೇನೆ. ಹೈದರಾಬಾದಿನ ಕತೆಯನ್ನು ನಾವು ರಜಾಕಾರರ ಹಾವಳಿ, ಪೊಲೀಸ್ ಕಾರ್ಯಾಚರಣೆ ಎಂದು ಓದಿಕೊಂಡಿದ್ದೇವೆ. ಅದರ ನಡುವೆ ಒಂದು ವರ್ಷ ನಡೆದ ಮಾತುಕತೆಯನ್ನು ಅಷ್ಟಾಗಿ ನೆನೆಯುವುದಿಲ್ಲ. 1802ರಲ್ಲೇ ಈಸ್ಟ್ ಇಂಡಿಯಾ ಕಂಪನಿಯೂ ನಿಜಾಮರೂ ವ್ಯಾಪಾರ ಒಪ್ಪಂದ ಮಾಡಿಕೊಂಡು ನೂರಕ್ಕೆ ಐದರ ಸುಂಕ ಗೊತ್ತುಮಾಡಿದ್ದರು. ಮುಂದೆ ಒಂದೂವರೆ ಶತಮಾನ ಸೈನ್ಯ, ವಿದೇಶ ವ್ಯವಹಾರ ಬ್ರಿಟಿಷರ ಕೊಡೆಯಡಿ, ರೈಲು–ತಂತಿ ಸುತ್ತಲಿನ ಭಾರತಕ್ಕೆ ಹೆಣೆದುಕೊಂಡು ಸಂಸ್ಥಾನ ಬದುಕಿತು. 1947ರ ಜೂನ್‌ನಲ್ಲಿ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ತಾನು ಭಾರತಕ್ಕೂ ಸೇರುವುದಿಲ್ಲ, ಪಾಕಿಸ್ತಾನಕ್ಕೂ ಸೇರುವುದಿಲ್ಲ, ಸ್ವತಂತ್ರನಾಗುತ್ತೇನೆ ಎಂದು ಸಾರಿದ. ಅಂದರೆ, ನೂರೈವತ್ತು ವರ್ಷದ ಹೆಣಿಗೆಯಿಂದ ಹೊರಬರುತ್ತೇನೆ, ಆದರೆ ರೈಲು ಓಡಬೇಕು, ಅಂಚೆ ಬರಬೇಕು, ಮಾಲು ಸಾಗಬೇಕು. ಸುತ್ತಲೂ ಭಾರತದ ನೆಲ, ಸ್ವಂತ ಬಂದರಿಲ್ಲ. ಗೋವೆಯ ಮಾರ್ಮಗೋವಾ ಬಂದರಿನ ಮೇಲೆ ಕಣ್ಣಿಟ್ಟದ್ದು ಅದೇ ಕಾರಣಕ್ಕೆ.

ಮಾತುಕತೆಗೆ ನಿಜಾಮರು ಇಂಗ್ಲೆಂಡಿನ ವಕೀಲ ವಾಲ್ಟರ್ ಮಾಂಕ್‌ಟನ್ ಅವರನ್ನು ಕರೆಸಿಕೊಂಡಿದ್ದರು. ಜೊತೆಗೆ ಛತಾರಿ ನವಾಬರು, ಸರ್ ಸುಲ್ತಾನ್ ಅಹ್ಮದ್. ಒಂದು ವರ್ಷದ ಮಟ್ಟಿಗೆ ಎಲ್ಲ ಇದ್ದಂತೆಯೇ ಇರಲಿ ಎಂಬ ‘ಯಥಾಸ್ಥಿತಿ ಒಪ್ಪಂದ’ ತಯಾರಾಯಿತು. ಅಕ್ಟೋಬರ್ 27ರ ಬೆಳಗಿನ ಜಾವ, ನಿಯೋಗ ದೆಹಲಿಗೆ ಹೊರಡಬೇಕು, ಆಗ ರಜಾಕಾರರ ನಾಯಕ ಕಾಸಿಂ ರಜ್ವಿಯ ಇತ್ತೆಹಾದ್ ಪಕ್ಷದ ಜನ ಆ ಮೂವರ ಮನೆಗಳನ್ನು ಮುತ್ತಿ ಹೊರಬರದಂತೆ ತಡೆದರು. ನಿಯೋಗದವರು ರಾಜೀನಾಮೆ ಕೊಟ್ಟರು. ತೆರೇಸಾ ಮೇ ಅವರ ಒಪ್ಪಂದ ಅವರದೇ ಸಂಸತ್ತಿನಲ್ಲಿ ಬಿದ್ದ ಸುದ್ದಿ ಓದುವಾಗ ನನಗೆ ಛತಾರಿ ನವಾಬರ ಅಂಗಳ ನೆನಪಾಗಿತ್ತು. ಸಂಸತ್ತಿನ ಮತವೂ ಗುಂಪಿನ ಮುತ್ತಿಗೆಯೂ ಒಂದೇ ಅಲ್ಲ, ನಿಜ. ಆದರೆ ಮೇಜಿನ ಎದುರಿಗೆ ಕೂತವನಿಗಿಂತ ಬೆನ್ನ ಹಿಂದಿನ ಮನೆಯವರನ್ನು ಒಪ್ಪಿಸುವುದು ಕಷ್ಟವಾದದ್ದು ಎರಡೂ ಕಡೆ ಉಂಟು.

ಹೊಸ ನಿಯೋಗ ಬಂದು, 1947ರ ನವೆಂಬರ್ 29ರಂದು ಸಹಿಯಾಯಿತು. ಬ್ರಿಟನ್ನಿನ ಹನ್ನೊಂದು ತಿಂಗಳಂತೆ ಇದಕ್ಕೂ ಒಂದು ವರ್ಷದ ಗಡುವು. ಸಹಿಯ ಶಾಯಿ ಆರುವ ಮೊದಲೇ ಹೈದರಾಬಾದು ಎರಡು ಆಜ್ಞೆ ಹೊರಡಿಸಿತು. ಚಿನ್ನ ಬೆಳ್ಳಿ ಭಾರತಕ್ಕೆ ಹೋಗಕೂಡದು. ಭಾರತದ ರೊಕ್ಕ ಸಂಸ್ಥಾನದಲ್ಲಿ ನಡೆಯಕೂಡದು. ಪಾಕಿಸ್ತಾನಕ್ಕೆ 20 ಕೋಟಿ ರೂಪಾಯಿ ಸಾಲ ಕೊಟ್ಟ ಸಂಗತಿಯೂ ಹೊರಬಿತ್ತು. ದೆಹಲಿ ಇದನ್ನು ಒಪ್ಪಂದದ ಉಲ್ಲಂಘನೆ ಎಂದಿತು. 1948 ಮುಂದುವರಿದಂತೆ ಭಾರತದ ಕಡೆಯಿಂದ ಸರಕು ಸಾಗಣೆ ಬಿಗಿಯಾಯಿತು. ನಮ್ಮನ್ನು ಉಸಿರುಗಟ್ಟಿಸುತ್ತಿದ್ದಾರೆ ಎಂದು ಹೈದರಾಬಾದು ದೂರಿತು, ಆಗಸ್ಟಿನಲ್ಲಿ ವಿಶ್ವಸಂಸ್ಥೆಯ ಬಾಗಿಲನ್ನೂ ಬಡಿಯಿತು.

ಕಲ್ದಾರ ನಡೆಯುವುದಿಲ್ಲ ಎಂಬ ಆಜ್ಞೆ ಹೈದರಾಬಾದಿನ ಅರಮನೆಯಲ್ಲಿ ಒಂದು ಸಾಲಿನ ಬರಹ. ಇಳಕಲ್ಲಿನ ಮಗ್ಗದ ಮನೆಯಲ್ಲಿ ಅದರ ಅರ್ಥ ಬೇರೆ. ಆಚೆಯ ಕುಷ್ಟಗಿ, ಹನಮಸಾಗರ, ತಾವರಗೇರಿಯ ಸಂತೆಗಳಲ್ಲಿ ಸೀರೆ ಮಾರಿ ಬಂದವನ ಕೈಯಲ್ಲಿ ಹಾಲಿ ಸಿಕ್ಕಾ. ಈಚೆ ನೂಲಿನವನು ಕೇಳುವುದು ಕಲ್ದಾರ. ಆಯಿ ಆ ವರ್ಷವನ್ನು ‘ಗಲಾಟಿ ವರ್ಷ’ ಎನ್ನುತ್ತಿದ್ದಳು. ಆ ಪಂಚಮಿಗೆ ಆಕೆ ತವರಿಗೆ ಹೋಗಲಿಲ್ಲ. ತವರಿನವರೇ ರಾತ್ರೋರಾತ್ರಿ ಈಚೆ ಬಂದರು. ಗಜೇಂದ್ರಗಡ, ಮುಂಡರಗಿಗಳಲ್ಲಿ ಹೋರಾಟಗಾರರ ಶಿಬಿರಗಳು ನಡೆದಿದ್ದವು. ಗಡಿಯ ಈ ಬದಿಯ ಊರುಗಳ ತುಂಬ ಓಡಿಬಂದ ಸಂಸಾರಗಳು. ಸೆಪ್ಟೆಂಬರ್ 13ರಂದು ಸೈನ್ಯ ಒಳನುಗ್ಗಿತು, 17ಕ್ಕೆ ನಿಜಾಮರು ಶರಣಾದರು. ಆ ಬಳಿಕ ಆ ಕಡೆಯ ಮುಸಲ್ಮಾನರ ಮನೆಗಳ ಮೇಲೆ ನಡೆದ ಹಿಂಸೆಯನ್ನು ಸುಂದರಲಾಲ್ ಸಮಿತಿ ನೋಡಿ ಬರೆದಿಟ್ಟಿದೆ. ಅದನ್ನು ಬಿಟ್ಟು ಈ ಕತೆ ಹೇಳಬಾರದು.

ಸೈನ್ಯ ಐದು ದಿನದಲ್ಲಿ ಮುಗಿಸಿದ ಕೆಲಸದಿಂದ ಸುಂಕದ ಕಟ್ಟೆ ಒಮ್ಮೆಲೇ ಹೋಗಲಿಲ್ಲ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ದೇಶದ ಉದ್ದಗಲಕ್ಕೂ ವ್ಯಾಪಾರ ಮುಕ್ತವಾಗಿರಬೇಕೆಂದು ನಮ್ಮ ಸಂವಿಧಾನದ 301ನೇ ವಿಧಿ ಹೇಳುತ್ತದೆ. ಅದರ ಬೆನ್ನಲ್ಲೇ 306ನೇ ವಿಧಿ ಇತ್ತು: ಹೈದರಾಬಾದಿನಂಥ ‘ಬಿ’ ಭಾಗದ ರಾಜ್ಯಗಳು ಕೇಂದ್ರದೊಡನೆ ಒಪ್ಪಂದ ಮಾಡಿಕೊಂಡು ಹೆಚ್ಚೆಂದರೆ ಹತ್ತು ವರ್ಷದ ವರೆಗೆ ತಮ್ಮ ಗಡಿಯ ಸುಂಕ ಮುಂದುವರಿಸಬಹುದು. ಸಂಸ್ಥಾನದ ಬೊಕ್ಕಸ ಆ ಸುಂಕದ ಮೇಲೆ ನಿಂತಿತ್ತು. ಒಂದೇ ಸಲ ಕಿತ್ತರೆ ಶಾಲೆ, ಆಸ್ಪತ್ರೆಗೆ ರೊಕ್ಕ ಎಲ್ಲಿಂದ ಎಂಬ ಪ್ರಶ್ನೆ. 1956ರ ನವೆಂಬರ್ 1ರಂದು ಹುನಗುಂದವೂ ಕುಷ್ಟಗಿಯೂ ಒಂದೇ ಮೈಸೂರು ರಾಜ್ಯಕ್ಕೆ ಬಂದವು. ಅದೇ ವರ್ಷದ ಏಳನೇ ತಿದ್ದುಪಡಿಯಲ್ಲಿ 306ನೇ ವಿಧಿಯೂ ಸಂವಿಧಾನದಿಂದ ಹೋಯಿತು. ಅದಕ್ಕೆ ಹೋಲಿಸಿದರೆ ನಮ್ಮ ಪಡುವಣದ ಮುಧೋಳ, ಜಮಖಂಡಿ ಸಂಸ್ಥಾನಗಳು 1948ರ ಮಾರ್ಚ್ 8ರಂದೇ ಮುಂಬಯಿ ಪ್ರಾಂತದಲ್ಲಿ ಸದ್ದಿಲ್ಲದೆ ಕೂಡಿಕೊಂಡವು.

ಈ ಗಡಿ ಇರದ ಕಾಲವೂ ಈ ನೆಲಕ್ಕೆ ಗೊತ್ತಿತ್ತು. ಹುನಗುಂದ ತಾಲ್ಲೂಕಿನ ಐಹೊಳೆಗೆ ಪ್ರವಾಸಿಗರು ದುರ್ಗದ ಗುಡಿ ನೋಡಲು ಬರುತ್ತಾರೆ. ಅದು ಅಯ್ಯಾವೊಳೆ ಐನೂರ್ವರ ಊರು ಎಂಬುದನ್ನು ಕೇಳಿಕೊಂಡು ಹೋಗುವವರು ಕಡಿಮೆ. ಇಲ್ಲಿ ಹುಟ್ಟಿದ ಆ ವರ್ತಕರ ಸಂಘ ಚಾಲುಕ್ಯರ ನಾಡಿನಲ್ಲೂ ಅವರ ವೈರಿಗಳಾದ ಚೋಳರ ನಾಡಿನಲ್ಲೂ ವ್ಯಾಪಾರ ಮಾಡಿತು. ಲಂಕೆಯಲ್ಲಿ, ಸುಮಾತ್ರಾದಲ್ಲಿ ಅವರ ಶಾಸನಗಳಿವೆ. ಸುಮಾತ್ರಾದ ಬರೂಸ್ ಬಳಿಯದು 1088ರದು. ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂದು ಆಗಲೂ ಸುಂಕಗಳಿದ್ದವು. ಆದರೆ ರಾಜರು ಗಡಿಗಳಲ್ಲಿ ಬಡಿದಾಡುತ್ತಿದ್ದಾಗಲೂ ಐನೂರ್ವರ ಎತ್ತುಗಳು ಎರಡೂ ಕಡೆ ಹೇರು ಹೊತ್ತು ನಡೆದವು. ಯುರೋಪಿನವರು ಎರಡು ಮಹಾಯುದ್ಧ ಕಂಡ ಮೇಲೆ ಕಲ್ಲಿದ್ದಲು–ಉಕ್ಕಿನ ಪೇಟೆಯಿಂದ ತಮ್ಮ ಕೂಟ ಶುರುಮಾಡಿದ್ದನ್ನು ಓದಿದಾಗಲೆಲ್ಲ ನನಗೆ ಐಹೊಳೆ ಕಣ್ಣಮುಂದೆ ಬರುತ್ತದೆ.

ಬ್ರಿಟನ್ನಿನ ಮಾತುಕತೆಯಲ್ಲಿ ಅತಿ ಸೂಕ್ಷ್ಮವಾದದ್ದು ಐರ್ಲೆಂಡಿನ ಗಡಿ. ಐರ್ಲೆಂಡ್ ಗಣರಾಜ್ಯ ಯುರೋಪಿನ ಕೂಟದಲ್ಲಿ ಉಳಿಯಿತು, ಉತ್ತರ ಐರ್ಲೆಂಡ್ ಬ್ರಿಟನ್ನಿನ ಭಾಗ. ನಡುವಿನ ಸುಮಾರು 500 ಕಿಲೋಮೀಟರ್ ಗೆರೆ ಹೊಲಗಳ ನಡುವೆ, ಕೆಲವೆಡೆ ಮನೆಗಳ ನಡುವೆಯೇ ಹಾದಿದೆ. ಮೂವತ್ತು ವರ್ಷದ ರಕ್ತಪಾತದ ಕಾಲದಲ್ಲಿ ಅಲ್ಲಿ ಸೈನಿಕರ ಕಾವಲು ಗೋಪುರಗಳಿದ್ದವು. 1998ರ ಶಾಂತಿ ಒಪ್ಪಂದದ ಬಳಿಕ ಅವು ಹೋದವು. ಅಲ್ಲಿ ಮತ್ತೆ ನಾಕಾ ಕೂಡಿಸಲು ಯಾರಿಗೂ ಧೈರ್ಯವಿರಲಿಲ್ಲ, ಕೂಡಿಸಬಾರದೆಂಬುದು ಸರಿಯಾದ ತೀರ್ಮಾನವೇ. ಹಾಗಾಗಿ ತಪಾಸಣೆಯನ್ನು ಸಮುದ್ರಕ್ಕೆ ಸರಿಸಿದರು. ಲಂಡನ್ನಿನ ಅಂಗಡಿಯ ಮಾಲು ತನ್ನದೇ ದೇಶದ ಬೆಲ್‌ಫಾಸ್ಟಿಗೆ ಹೋಗಲು ಕಾಗದ ಬೇಕಾಯಿತು. ಮಣ್ಣು ಮೆತ್ತಿದ ಸಸಿ, ಬೀಜದ ಆಲೂಗಡ್ಡೆ ದಾಟುವುದೇ ನಿಂತಿತು. 2023ರ ಫೆಬ್ರುವರಿ 27ರ ವಿಂಡ್ಸರ್ ಒಪ್ಪಂದ ಅದನ್ನು ಸಡಿಲಿಸಿ, ಉತ್ತರ ಐರ್ಲೆಂಡಿನಲ್ಲೇ ಉಳಿಯುವ ಮಾಲಿಗೆ ಹಸಿರು ದಾರಿ, ಮುಂದೆ ಯುರೋಪಿಗೆ ಹೋಗಬಹುದಾದ ಮಾಲಿಗೆ ಕೆಂಪು ದಾರಿ ಮಾಡಿತು. ಹಾಲು ಮಾಂಸಗಳ ಮೇಲೆ ‘ಯುರೋಪಿಗಲ್ಲ’ ಎಂಬ ಚೀಟಿ ಬಂತು. ಅಡುಗೆಮನೆಯ ಹಾಲಿನ ಪ್ಯಾಕೆಟ್ಟಿನ ಮೇಲೆ ಗಡಿ ಬಂದು ಕೂತದ್ದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಇದೆಲ್ಲ ದೂರದವರ ಪಾಡು ಎಂದು ಕೈತೊಳೆದುಕೊಳ್ಳಲು ಕಲಾದಗಿಯ ದಾಳಿಂಬೆ ಬೆಳೆಗಾರರಿಗೆ ಆಗುವುದಿಲ್ಲ. ನಮ್ಮ ಸೀಮೆಯ ಭಗವಾ ತಳಿಯ ಹಣ್ಣು ಯುರೋಪಿಗೆ ಹೋಗಬೇಕಾದರೆ ತೋಟದ ನೋಂದಣಿಯಿಂದ ಹಿಡಿದು ಔಷಧದ ಉಳಿಕೆ ಎಷ್ಟಿದೆ ಎಂಬ ಪರೀಕ್ಷೆಯ ತನಕ ಅನಾರ್‌ನೆಟ್ ವ್ಯವಸ್ಥೆಯಲ್ಲಿ ದಾಖಲಾಗಬೇಕು. ಅಂಗಮಾರಿಗೆ ಅಂಜಿ ಔಷಧ ಹೊಡೆಯದೆ ವಿಧಿಯಿಲ್ಲ, ಹೊಡೆದರೆ ಉಳಿಕೆಯ ಭಯ. ಮೊದಲು ಈ ಪರೀಕ್ಷೆಗೆ ಒಂದೇ ಅಳತೆಗೋಲಿತ್ತು. ರಾಟರ್‌ಡ್ಯಾಮಿನಲ್ಲಿ ಇಳಿದ ಹಣ್ಣು ಅಲ್ಲಿಂದ ಲಾರಿ ಏರಿ ತಡೆಯಿಲ್ಲದೆ ಲಂಡನ್ನಿಗೂ ಹೋಗಬಹುದಿತ್ತು. ಈಗ ಬ್ರಿಟನ್ನಿನ ಉಳಿಕೆ ಮಿತಿಯ ಪಟ್ಟಿ ಬೇರೆ, ಯುರೋಪಿನದು ಬೇರೆ. ಅವರಿಬ್ಬರು ಬೇರೆಯಾದದ್ದಕ್ಕೆ ಘಟಪ್ರಭೆಯ ದಂಡೆಯ ರೈತ ಎರಡು ಪಟ್ಟಿ ನೋಡಬೇಕು.

ಅದೇ ಬೇರ್ಪಡಿಕೆಯಿಂದ ಭಾರತಕ್ಕೆ ಒಂದು ಬಾಗಿಲೂ ತೆರೆಯಿತು. ಸ್ವಂತ ಒಪ್ಪಂದ ಮಾಡಿಕೊಳ್ಳುವ ಹಕ್ಕು ಸಿಕ್ಕ ಬ್ರಿಟನ್ 2022ರ ಜನವರಿಯಲ್ಲಿ ನಮ್ಮೊಡನೆ ಮಾತಿಗೆ ಕೂತು, 2025ರ ಜುಲೈ 24ರಂದು ಸಹಿ ಹಾಕಿತು. ನಮ್ಮ ಬಟ್ಟೆಗೆ ಅಲ್ಲಿದ್ದ ನೂರಕ್ಕೆ 12ರ ವರೆಗಿನ ಸುಂಕ ಹೋಗಬೇಕೆಂದು ಅದರಲ್ಲಿದೆ. ನಾವೂ ಒಮ್ಮೆ ಕೂಟವೊಂದರ ಹೊಸ್ತಿಲಿನಿಂದ ಹಿಂದೆ ಸರಿದವರೇ: 2019ರ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ, ಏಷ್ಯಾ–ಪೆಸಿಫಿಕ್ ದೇಶಗಳ ಆರ್‌ಸಿಇಪಿ ಬೇಡ ಎಂದೆವು. ಹಾಲು ಮಾರಿ ಬದುಕುವ ನಮ್ಮ ರೈತ ಮಹಿಳೆಯರು ನ್ಯೂಜಿಲೆಂಡಿನ ಹಾಲಿನ ಪುಡಿಯ ಎದುರು ನಿಲ್ಲಲಾರರು ಎಂಬ ಅಂಜಿಕೆ ಅದರ ಹಿಂದಿತ್ತು. ಆ ಅಂಜಿಕೆಗೆ ಬೆಲೆ ಕೊಟ್ಟದ್ದು ಸರಿ ಎಂದೇ ನನ್ನ ಅಭಿಪ್ರಾಯ. ಒಳಹೊಕ್ಕು ನಲವತ್ತೇಳು ವರ್ಷ ಹೆಣೆದುಕೊಂಡ ಮೇಲೆ ಬಿಡಿಸಿಕೊಳ್ಳುವುದಕ್ಕಿಂತ ಹೊಸ್ತಿಲಲ್ಲೇ ಯೋಚಿಸುವುದು ಬೇರೆ ಮಾತು.

ಹೆಣೆದುಕೊಳ್ಳುವುದು ಎಂದರೆ ಏನೆಂದು ಇಳಕಲ್ಲಿನ ಒಂದು ಮಗ್ಗದ ಮನೆಯಲ್ಲಿ ಹತ್ತಿರದಿಂದ ನೋಡಿದ್ದೇನೆ. ಇಳಕಲ್ ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೈ ಹತ್ತಿಯದಾಗಿರಬಹುದು, ದಾಳಿಂಬರ ಕೆಂಪಿನ ಸೆರಗು ರೇಷ್ಮೆಯದು. ಎರಡನ್ನೂ ಮಗ್ಗಕ್ಕೆ ಏರಿಸುವ ಮೊದಲು, ಒಂದರ ಎಳೆಯನ್ನು ಇನ್ನೊಂದರ ಎಳೆಗೆ ಕೊಂಡಿ ಹಾಕಿ ಕೂಡಿಸಬೇಕು. ಪ್ರತಿ ಸೀರೆಗೂ ಹೊಸದಾಗಿ, ಎಳೆಗೊಂದು ಕೊಂಡಿ. ಮನೆಯ ಹಿರಿಯಳು ಬಾಗಿಲ ಬೆಳಕಿಗೆ ಬೆನ್ನು ಬಗ್ಗಿಸಿ ಕೂತಿದ್ದಳು. ಬೆರಳ ತುದಿಗೆ ಒಂದಿಷ್ಟು ಬೂದಿ, ಎಳೆ ಜಾರದಿರಲಿ ಎಂದು. ಮಾತಾಡಿಸಿದರೆ ಕತ್ತೆತ್ತದೆ, ‘ತಡೀರಿ ಅಣ್ಣಾರ, ಒಂದ ಎಳಿ ತಪ್ಪಿದ್ರ ಮುಂದಿನವೆಲ್ಲಾ ತಪ್ತಾವ’ ಎಂದಳು. ಅರ್ಧ ಗಂಟೆ ಸುಮ್ಮನೆ ಕೂತು ನೋಡಿದೆ. ಮಗ್ಗದ ಮೇಲೆ ಹಣಿಗೆಯ ಹಾಗೆ, ಕೋಟೆಯ ತೆನೆಯ ಹಾಗೆ ಬಿಳಿ ಚಿತ್ತಾರ ಮೂಡುವ ಹೊತ್ತಿಗೆ ಆ ಕೊಂಡಿಗಳು ಯಾರ ಕಣ್ಣಿಗೂ ಬೀಳುವುದಿಲ್ಲ.

2025ರ ಮೇ 19ರಂದು ಲಂಡನ್ನಿನಲ್ಲಿ ಬ್ರಿಟನ್ನಿನ ಪ್ರಧಾನಿ ಕಿಯರ್ ಸ್ಟಾರ್ಮರ್, ಯುರೋಪಿನ ಉರ್ಸುಲಾ ಫಾನ್ ಡೆರ್ ಲೇಯೆನ್ ಮತ್ತೆ ಎದುರುಬದುರು ಕೂತರು. ಮೀನು ಹಿಡಿಯಲು ಯುರೋಪಿನ ದೋಣಿಗಳಿಗೆ 2038ರ ವರೆಗೆ ಅವಕಾಶ ಕೊಡುವುದೆಂದಾಯಿತು. ಆಹಾರ ಪದಾರ್ಥಗಳ ತಪಾಸಣೆಯನ್ನು ಬಹುಪಾಲು ತೆಗೆಯುವ ಒಪ್ಪಂದಕ್ಕೆ ಕೆಲಸ ಶುರುಮಾಡೋಣ ಎಂದೂ ಆಯಿತು. ಅದಕ್ಕೆ ಬದಲಾಗಿ ಬ್ರಿಟನ್ ಆ ವಿಷಯದಲ್ಲಿ ಯುರೋಪಿನ ನಿಯಮ ಬದಲಾದಂತೆ ತಾನೂ ಬದಲಾಗಬೇಕು. ಬರೆಯುವ ಮೇಜಿನಲ್ಲಿ ಕುರ್ಚಿ ಮಾತ್ರ ಇಲ್ಲ. ಡ್ರೈವರನ ಬುತ್ತಿ ಬಿಡಿಸಲು ಇನ್ನೂ ಒಂದೊಂದೇ ಎಳೆ ಹುಡುಕುತ್ತಿದ್ದಾರೆ.

ಮಗ್ಗದ ಮನೆಗೆ ಹೋದ ದಿನ ಸಂಜೆ ಇಳಕಲ್ಲಿನಿಂದ ಹನಮಸಾಗರದ ಬಸ್ಸು ಹತ್ತಿದೆ, ಆಯಿಯ ತವರು ನೋಡಿ ಬರೋಣವೆಂದು. ಮಗ್ಗುಲ ಸೀಟಿನಲ್ಲಿ ಒಬ್ಬ ಹೆಣ್ಣುಮಗಳು, ಮಡಿಲಲ್ಲಿ ದೊಡ್ಡ ಗಂಟು. ಆಚೆಯ ಊರುಗಳಲ್ಲಿ ಮನೆಮನೆಗೆ ಹೋಗಿ ಸೀರೆ ಮಾರುತ್ತಾಳಂತೆ. ನಾಕಾ ಎಲ್ಲಿತ್ತು ಎಂದು ಕಿಟಕಿಯಿಂದ ಹುಡುಕಿದೆ. ಸಜ್ಜೆ ಹೊಲಗಳು, ಕೆಂಪು ಕಲ್ಲಿನ ಗಣಿಗಳ ರಾಶಿ, ಒಂದು ಪೆಟ್ರೋಲು ಬಂಕು. ಬಸ್ಸು ವೇಗ ತಗ್ಗಿಸಲೂ ಇಲ್ಲ. ನಾನು ಗಂಟಿನ ಕಡೆ ನೋಡುತ್ತಿದ್ದುದು ಆಕೆಗೆ ಕಂಡಿರಬೇಕು. ‘ಮನ್ಯಾಗಿನವ್ರಿಗೆ ಒಂದು ತಗೋರಲ್ಲ ಅಣ್ಣಾರ, ಖರೇ ಕೈಮಗ್ಗದ್ದು ಐತಿ’ ಎನ್ನುತ್ತ ತಾನಾಗಿಯೇ ಗಂಟು ಬಿಚ್ಚಿ, ದಾಳಿಂಬರ ಸೆರಗನ್ನು ನನ್ನ ಮೊಣಕಾಲ ಮೇಲೆ ಹರವಿದಳು.